ಒಂದು ಮುಖ, ಇಬ್ಬರು ಷಡ್ಡಕರು

ಗೊಂಬೆ ಕಾರ್ಖಾನೆಯಲ್ಲಿ ಈಗ ಕೆಲಸ ಶುರುವಾಗುವ ಮೊದಲು ಎಲ್ಲರೂ ಉದ್ದ ಮೇಜಿನ ಸುತ್ತ ನಿಲ್ಲಬೇಕು. ಯಜಮಾನರ ಸೊಸೆ ಹೊಸದಾಗಿ ತಂದ ಪದ್ಧತಿ ಅದು. ಒಬ್ಬೊಬ್ಬರೂ ತಮ್ಮ ಬಲಗಡೆ ನಿಂತವರ ಬಗ್ಗೆ ಒಂದು ಒಳ್ಳೆಯ ಮಾತು ಆಡಬೇಕು, ಕೆಲಸಕ್ಕೊಂದು ಹೊಸ ಯೋಚನೆ ಹೇಳಬೇಕು, ಕೊನೆಗೆ ಎಲ್ಲರೂ ಸೇರಿ ಚಪ್ಪಾಳೆ ತಟ್ಟಬೇಕು. ಮನಸ್ಸು ಅರಳಿದರೆ ಕೈ ಅರಳುತ್ತದೆ, ಕೈ ಅರಳಿದರೆ ಗೊಂಬೆ ಅರಳುತ್ತದೆ ಅನ್ನುವುದು ಆಕೆಯ ನಂಬಿಕೆ. ಕೇಳಲು ಇಂಪಾಗಿಯೇ ಇತ್ತು. ಆದರೆ ಬೆಳ್ಳಂಬೆಳಗ್ಗೆ ಮರದ ಪುಡಿಯ ನಡುವೆ ಕೆಮ್ಮುತ್ತ ನಿಂತವರಿಗೆ ಅರಳುವುದಕ್ಕಿಂತ ಆಕಳಿಕೆಯೇ ಹೆಚ್ಚು ಬರುತ್ತಿತ್ತು.

ಮೊದಮೊದಲು ಜನ ತಮಾಷೆ ಮಾಡಿದರು. ಕೈಕಾಲಿನ ಕೀಲು ಜೋಡಿಸುವವನು, ಈ ಸಭೆಯನ್ನು ಸಂಜೆಗೆ ಇಟ್ಟರೆ ಮನೆಗೆ ಹೋಗುವ ಖುಷಿಯಲ್ಲಿ ಒಳ್ಳೆಯ ಮಾತು ತಾನಾಗಿ ಉದುರುತ್ತದೆ, ಇದೇ ತನ್ನ ಹೊಸ ಯೋಚನೆ ಎಂದ. ಗೊಂಬೆಗಳ ತಲೆ ಉಜ್ಜಿ ನುಣುಪು ಮಾಡುವ ಹೆಂಗಸು ದಿನವೂ ಒಂದೇ ಮಾತು ಹೇಳುತ್ತಿದ್ದಳು: ಪಕ್ಕದವರು ಒಳ್ಳೆಯವರು, ಏಕೆಂದರೆ ಸುಮ್ಮನಿರುತ್ತಾರೆ. ಸೊಸೆ ಯಾವುದಕ್ಕೂ ಬೇಸರಿಸದೆ ಚಪ್ಪಾಳೆ ತಟ್ಟುತ್ತಿದ್ದಳು. ಆಕೆಯ ತಾಳ್ಮೆಯನ್ನು ಕಂಡರೆ ಕೆಲವರಿಗೆ ಸಿಟ್ಟು ಬರುತ್ತಿತ್ತು.

ತಮಾಷೆ ಮಾಡದೆ ಉಳಿದವರು ಇಬ್ಬರೇ. ಗೊಂಬೆಗೆ ಕಣ್ಣು ಬರೆಯುವವನು ಒಬ್ಬ, ಬಾಯಿ ಬರೆಯುವವನು ಇನ್ನೊಬ್ಬ. ಕಾರ್ಖಾನೆಯಲ್ಲಿ ಅವರನ್ನು ಕಣ್ಣಣ್ಣ, ಬಾಯಣ್ಣ ಎಂದೇ ಕರೆಯುತ್ತಿದ್ದರು. ಇಬ್ಬರೂ ಷಡ್ಡಕರು. ಅಕ್ಕನನ್ನು ಕಣ್ಣಣ್ಣ ಕಟ್ಟಿಕೊಂಡಿದ್ದ, ತಂಗಿಯನ್ನು ಬಾಯಣ್ಣ. ಒಂದೇ ಕಟ್ಟಡದಲ್ಲಿ ಕೆಳಗಿನ ಮನೆ ಹಿರಿಯ ಕಣ್ಣಣ್ಣನದು, ಮೇಲಿನದು ಕಿರಿಯ ಬಾಯಣ್ಣನದು. ಅಕ್ಕತಂಗಿಯರು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದರು. ಗಂಡಂದಿರು ಮಾತ್ರ ಎದುರಾದರೆ ಗೋಡೆಗೆ ಮುಖ ಮಾಡಿ ದಾರಿ ಬಿಡುತ್ತಿದ್ದರು.

ಜಗಳ ಹಳೆಯದು. ಕಿರಿಯನನ್ನು ಕಾರ್ಖಾನೆಗೆ ಕರೆತಂದು, ಕುಂಚ ಹಿಡಿಯುವುದನ್ನು ಕಲಿಸಿದವನು ಹಿರಿಯನೇ. ಹಾಗೆ ಕಲಿತವನು ಒಮ್ಮೆ ಯಜಮಾನರ ಮುಂದೆ, ಎಲ್ಲರೂ ಕೇಳುವಂತೆ, ಈ ಸಲದ ಕಣ್ಣುಗಳು ಸೊಟ್ಟ ಬಿದ್ದಿವೆ ಎಂದುಬಿಟ್ಟ. ನಿಜವೇ ಆಗಿತ್ತು. ನಿಜ ಆಗಿದ್ದರಿಂದಲೇ ಅದು ಮುಳ್ಳಾಗಿ ಉಳಿಯಿತು. ಅಂದಿನಿಂದ ಹಿರಿಯ ಅವನೊಡನೆ ಮಾತು ಬಿಟ್ಟ, ಅವನ ಮಗಳ ಮದುವೆಗೂ ಹೋಗಲಿಲ್ಲ. ಕೆಲಸದಲ್ಲಿ ಏನಾದರೂ ಹೇಳಬೇಕಾದರೆ ನಡುವೆ ಒಬ್ಬರು ಬೇಕು. "ಬಣ್ಣ ಗಟ್ಟಿಯಾಗಿದೆ ಅಂತ ಅವರಿಗೆ ಹೇಳಿ" ಅಂತ ಒಬ್ಬ ಅಂದರೆ, ಮೊಳ ದೂರದಲ್ಲೇ ಇದ್ದ ಇನ್ನೊಬ್ಬ, "ಕೇಳಿಸ್ತು ಅಂತ ಹೇಳಿ" ಅನ್ನುತ್ತಿದ್ದ.

ಕೂರುವುದೂ ಬೆನ್ನಿಗೆ ಬೆನ್ನು ಮಾಡಿಯೇ. ಗೂಟ ಹೊಡೆದ ಹಲಗೆಯ ಮೇಲೆ ಸಾಲಾಗಿ ತಲೆಗಳು. ಹಿರಿಯ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು ಕಣ್ಣಿಟ್ಟು, ಹಲಗೆಯನ್ನು ಹಿಂದಕ್ಕೆ ಸರಿಸುವನು. ಕಿರಿಯ ಅದನ್ನೆಳೆದುಕೊಂಡು ಬಾಯಿ ಬರೆಯುವನು. ಹಿರಿಯನಿಗೆ ತನ್ನ ಗುರುವಿನಿಂದ ಬಂದ ಒಂದು ನಿಯಮವಿತ್ತು. ಬರೆದ ಕಣ್ಣನ್ನು ಎರಡನೇ ಸಲ ನೋಡಬಾರದು. ನೋಡಿದರೆ ಇನ್ನೊಂದು ಗೆರೆ ಎಳೆಯುವ ಆಸೆಯಾಗುತ್ತದೆ, ಆ ಇನ್ನೊಂದು ಗೆರೆಯೇ ಕಣ್ಣನ್ನು ಕೆಡಿಸುತ್ತದೆ. ಹಾಗಾಗಿ ಅವನು ಇಟ್ಟವನೇ ಸರಿಸುತ್ತಿದ್ದ. ಮತ್ತೆ ಅವನು ಆ ಮುಖವನ್ನು ಕಾಣುತ್ತಿದ್ದುದು ಎಲ್ಲ ಮುಗಿದು ಕಪಾಟಿನಲ್ಲಿ ಕೂತ ಮೇಲೆ.

ಈಚೆಗೆ ಅವನ ಕೈ ನಡುಗಲು ತೊಡಗಿತ್ತು. ಬೀಗ ತೆಗೆಯುವಾಗ ನಡುಗುತ್ತಿತ್ತು, ಗುಂಡಿ ಹಾಕುವಾಗ ನಡುಗುತ್ತಿತ್ತು. ಆದರೆ ಕಪಾಟಿನ ಗೊಂಬೆಗಳ ಕಣ್ಣು ನೂಲು ಹಿಡಿದಂತೆ ನೇರ. ಕುಂಚ ಹಿಡಿದಾಗ ದೇವರೇ ಮುಂಗೈ ಹಿಡಿದುಕೊಳ್ಳುತ್ತಾನೆ ಎಂದು ಅವನು ನಂಬಿದ್ದ, ಕುಂಚ ಮುಟ್ಟುವ ಮೊದಲು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಬೆನ್ನ ಹಿಂದಿನಿಂದ ದಿನವೆಲ್ಲ ಬಣ್ಣ ಅಳಿಸುವ ಟರ್ಪೆಂಟೈನ್ ವಾಸನೆ ಬರುತ್ತಿತ್ತು, ಬಟ್ಟೆಯಲ್ಲಿ ಒರೆಸುವ ಸದ್ದು ಕೇಳುತ್ತಿತ್ತು. ಕಿರಿಯ ಮತ್ತೆ ಮತ್ತೆ ಬಾಯಿ ತಪ್ಪುತ್ತಿದ್ದಾನೆ ಎಂದುಕೊಂಡು ಹಿರಿಯನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಇವರ ಕಥೆ ಸೊಸೆಯ ಕಿವಿಗೆ ಬಿತ್ತು. ಒಂದು ಬೆಳಗ್ಗೆ ಆಕೆ ಬೇಕೆಂದೇ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದಳು. ಒಳ್ಳೆಯ ಮಾತಿನ ಸರದಿ ಹಿರಿಯನಿಗೆ ಬಂತು. ಮೇಜಿನ ಸುತ್ತ ಆಕಳಿಕೆಗಳು ನಿಂತವು.

"ಪಕ್ಕದವರು ತಪ್ಪು ತಿದ್ದೋದ್ರಲ್ಲಿ ಎತ್ತಿದ ಕೈ," ಅಂದ ಹಿರಿಯ. "ದಿನಾ ಒರೆಸ್ತಾನೇ ಇರ್ತಾರೆ. ಅಷ್ಟೊಂದು ತಪ್ಪು ಮಾಡಿದ್ರೂ ಬೇಜಾರಿಲ್ಲ ನೋಡಿ, ಅದು ದೊಡ್ಡ ಗುಣ."

ಕೀಲು ಜೋಡಿಸುವವನು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ. ಸೊಸೆ ಚಪ್ಪಾಳೆ ತಟ್ಟಿ, ಕಿರಿಯನ ಕಡೆ ನೋಡಿ, ಈ ಒಂದು ದಿನ ಎಡಗಡೆಯವರ ಬಗ್ಗೆಯೂ ಹೇಳಬಹುದು ಅಂದಳು. ಅವನ ಮುಖ ಕೆಂಪಾಗಿತ್ತು. ಹೇಳಿದ್ದು ಇಷ್ಟೇ: "ಅಣ್ಣನಿಗೆ ಅವರ ಕೈ ಮೇಲೆ ಬಹಳ ನಂಬಿಕೆ. ಅಂಥ ನಂಬಿಕೆ ಎಲ್ಲರಿಗೂ ಬರಲ್ಲ."

ಸೊಸೆ ಆ ದಿನವೇ ಇನ್ನೊಂದು ಸುದ್ದಿಯನ್ನೂ ನಗುನಗುತ್ತಲೇ ಹೇಳಿದಳು. ಗಿರಾಕಿ ಕಡಿಮೆಯಾಗಿದೆ, ಮುಖ ಬರೆಯಲು ಇನ್ನು ಒಬ್ಬರು ಸಾಕು. ಇನ್ನೊಬ್ಬರು ಹಿಂದಿನ ಶೆಡ್ಡಿಗೆ ಹೋಗಿ ಡಬ್ಬ ಅಂಟಿಸಬೇಕು. ಯಾರು ಎನ್ನುವುದನ್ನು ಮಾವನವರು ತನ್ನ ಮೇಲೆ ಬಿಟ್ಟಿದ್ದಾರೆ. ಇಬ್ಬರೂ ಒಂದೊಂದು ಪೂರ್ತಿ ಮುಖ ಬರೆಯಲಿ, ಯಾರ ಮುಖದಲ್ಲಿ ಹೊಸತನ, ಸಂತೋಷ ಇರುತ್ತದೋ ಆ ಜಾಗ ಅವರದು. ಇದನ್ನು ಸ್ಪರ್ಧೆ ಅಂದುಕೊಳ್ಳಬೇಡಿ, ಅವಕಾಶ ಅಂದುಕೊಳ್ಳಿ ಅಂದಳು. ಉಜ್ಜುವ ಹೆಂಗಸು, ಚಾಕು ಹೂವಿನಲ್ಲಿ ಸುತ್ತಿ ಕೊಟ್ಟರೂ ಚಾಕುವೇ ಎಂದು ತನ್ನಷ್ಟಕ್ಕೆ ಗೊಣಗಿದಳು.

ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿತ್ತು. ಊಟಕ್ಕೆ ಕೂತಾಗ ಹಿರಿಯನ ಹೆಂಡತಿ ಬಡಿಸುತ್ತಲೇ ಹೇಳಿದಳು, ತಾನೂ ತಂಗಿಯೂ ಈವರೆಗೆ ಎರಡು ಮನೆಗೂ ಒಂದೇ ಒಲೆಯಲ್ಲಿ ಅನ್ನ ಬೇಯಿಸಿದ್ದೇವೆ, ಗಂಡಸರ ಹೊಟ್ಟೆಕಿಚ್ಚಿಗೆ ಆ ಒಲೆ ಆರಬಾರದು. ಡಬ್ಬ ಅಂಟಿಸಿದರೆ ಏನು ಮಾನ ಹೋಗುತ್ತದೆ ಎಂದೂ ಕೇಳಿದಳು. ಕಣ್ಣು ಬರೆಯುವುದು ಬಿಟ್ಟರೆ ತಾನು ಏನು ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಆ ಜಾಗದಲ್ಲಿ ತಾನು ಕೂರಬೇಕು, ಇನ್ನೊಬ್ಬ ಏಳಬೇಕು. ಅಷ್ಟೇ ಅವನ ಪ್ರಾರ್ಥನೆ.

ಮಾರನೆಯ ದಿನ ಮಧ್ಯಾಹ್ನ ಅವನು ಒಂದು ಒಳ್ಳೆಯ ತಲೆ ಆರಿಸಿಕೊಂಡು ಕೂತ. ಕುಂಚವನ್ನು ಕಣ್ಣಿಗೊತ್ತಿಕೊಂಡ. ಎಡಗಣ್ಣು, ಬಲಗಣ್ಣು, ರೆಪ್ಪೆ. ಅಭ್ಯಾಸಬಲದಿಂದ ಹಿಂದಕ್ಕೆ ಸರಿಸಲು ಹೋಗಿ ತಡೆದ. ಬಾಯಿಯನ್ನು ತಾನೇ ಬರೆಯಬೇಕು, ಬರೆಯಬೇಕೆಂದರೆ ಮುಖ ನೋಡಬೇಕು. ತಲೆಯನ್ನು ತೋಳಿನಷ್ಟು ದೂರ ಹಿಡಿದ.

ಒಂದು ಕಣ್ಣು ಬಾಗಿಲು ನೋಡುತ್ತಿತ್ತು, ಇನ್ನೊಂದು ಸೂರು.

ಮರದಲ್ಲೇ ದೋಷವಿರಬೇಕು ಅಂದುಕೊಂಡು ಉಜ್ಜುವ ಹೆಂಗಸಿನಿಂದ ಇನ್ನೊಂದು ತಲೆ ತರಿಸಿದ. ಅದೂ ಹಾಗೇ ಆಯಿತು. ಮತ್ತೊಂದು ತರಿಸಿದ. ಉಸಿರು ಬಿಗಿಹಿಡಿದ, ಮೊಣಕೈಯನ್ನು ಮೇಜಿಗೆ ಊರಿದ, ಬಾಯಲ್ಲಿ ದೇವರ ಹೆಸರು ಹಿಡಿದ. ಕೈ ಮಾತ್ರ ಅವನ ಮಾತು ಕೇಳಲಿಲ್ಲ. ಆಗ ಬೆನ್ನ ಹಿಂದಿನಿಂದ ಟರ್ಪೆಂಟೈನ್ ವಾಸನೆ ಬಂತು, ಬಟ್ಟೆ ಮರಕ್ಕೆ ಉಜ್ಜುವ ಮೆಲ್ಲನೆಯ ಸದ್ದು ಬಂತು. ಬೆಳಗ್ಗೆ ತಾನು ಸರಿಸಿದ ಹಲಗೆ ಅದು. ಅಲ್ಲಿ ಒರೆಸುತ್ತಿರುವುದು ಬಾಯಿಯಲ್ಲ.

ಅವನು ತಿರುಗಿ ನೋಡಲಿಲ್ಲ. ಕುಂಚಗಳನ್ನು ತೊಳೆದಿಟ್ಟು, ಯಾರಿಗೂ ಹೇಳದೆ ಬೇಗನೆ ಮನೆಗೆ ಹೋದ. ನನ್ನ ಕೈ ಅಷ್ಟು ನಡುಗುತ್ತದೆಯೇ ಎಂದು ಹೆಂಡತಿಯನ್ನು ಕೇಳಿದ.

"ನಿಮಗೆ ಯಾವಾಗ್ಲೂ ಅರ್ಧ ಲೋಟ ಚಹಾ ಕೊಡೋದು ಯಾಕೆ ಅಂದ್ಕೊಂಡ್ರಿ? ಜಿಪುಣತನಕ್ಕಾ?"

ಕಣ್ಣುಗಳ ವಿಷಯವೂ ಅವಳಿಗೆ ಗೊತ್ತಿತ್ತು. ತಂಗಿ ಹೇಳಿದ್ದಳು, ತಂಗಿಗೆ ಗಂಡ ಹೇಳಿದ್ದ. ಹಾಗಾದರೆ ಎಲ್ಲರಿಗೂ ಗೊತ್ತು. ಬೆಂದ ಅನ್ನದ ಹಬೆಯಂತೆ ಅದು ಮೇಲಿನ ಮನೆಯಿಂದ ಕೆಳಗಿನ ಮನೆಗೆ ಓಡಾಡಿದೆ, ಅವನೊಬ್ಬನ ಮೂಗಿಗೆ ಬಡಿದಿಲ್ಲ. ಕಿರಿಯ ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ, ಮೋಸ ಮಾಡಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದ. ಇದಕ್ಕೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ದೇವರು ಹಿಡಿದಿದ್ದಾನೆ ಅಂದುಕೊಂಡಿದ್ದ ಮುಂಗೈಯನ್ನು ಹಿಡಿದವನು ಇವನೇ ಎಂದರೆ, ಯಾರಿಗೆ ಕೈ ಮುಗಿದಂತಾಯಿತು ಇಷ್ಟು ದಿನ?

ಮುಖ ತೋರಿಸುವ ಬೆಳಗ್ಗೆ ಮೇಜಿನ ಮೇಲೆ ಎರಡು ತಲೆಗಳಿದ್ದವು. ಕಿರಿಯನದು ಅಚ್ಚುಕಟ್ಟು. ಕಣ್ಣು ನೇರ, ತುಟಿಯ ಒಂದು ಮೂಲೆ ಮಾತ್ರ ಸ್ವಲ್ಪ ಮೇಲೆದ್ದು, ಏನೋ ಬೈಗುಳ ನುಂಗಿಕೊಂಡ ಹಾಗಿತ್ತು. ಹಿರಿಯನದು ಸೊಟ್ಟ ಕಣ್ಣಿನದು, ಬಾಯಿಯೇ ಇಲ್ಲದ್ದು. ಸೊಸೆ ಅದನ್ನು ಎತ್ತಿ, ಹಾಗೂ ಹೀಗೂ ತಿರುಗಿಸಿ, ಇದರಲ್ಲೂ ಒಂದು ಹೊಸತನ ಇದೆ ಅಲ್ಲವೇ ಎಂದು ಸುತ್ತಲೂ ನೋಡಿದಳು. ಇದೆ ಅನ್ನುವವರು ಯಾರೂ ಇರಲಿಲ್ಲ.

"ಮೇಡಂ, ಇದರಲ್ಲಿ ಹೊಸದೇನಿಲ್ಲ," ಅಂದ ಹಿರಿಯ. "ನನ್ನ ಕಣ್ಣು ಬಹಳ ದಿನದಿಂದ ಹೀಗೇ ಬೀಳ್ತಿದೆ. ಇವತ್ತಿನ ಒಳ್ಳೆ ಮಾತು ನಾನು ಈಗಲೇ ಹೇಳಿಬಿಡ್ತೀನಿ. ಪಕ್ಕದಲ್ಲಿರೋ ಇವನು ಹಿಂದೆ ಕೂತ್ಕೊಂಡು ನನ್ನ ಕೆಲಸ ಕದ್ದ. ನನಗೆ ಗೊತ್ತಾಗದ ಹಾಗೆ ಕದ್ದ."

ಆಮೇಲೆ, ಎಷ್ಟೋ ವರ್ಷಗಳ ನಂತರ, ನಡುವೆ ಯಾರನ್ನೂ ಇಟ್ಟುಕೊಳ್ಳದೆ ಷಡ್ಡಕನ ಕಡೆ ತಿರುಗಿದ. "ಕರುಣೆನಾ ಇದು?"

"ನಿಮ್ಮ ಮೇಲೆ ಕರುಣೆ ಯಾಕೆ ಬರುತ್ತೆ ನನಗೆ?" ಕಿರಿಯನ ದನಿ ಒಡೆದಿತ್ತು. "ಒಂದ್ಸಲ ಬಾಯಿಬಿಟ್ಟಿದ್ದಕ್ಕೆ ನನ್ನ ಮಗಳ ಮದುವೆಗೆ ಬರಲಿಲ್ಲ ನೀವು. ಅಪ್ಪನ ಪಕ್ಕದಲ್ಲಿ ದೊಡ್ಡಪ್ಪ ಇರ್ತಾರೆ ಅಂತ ಅವಳು ಬಾಗಿಲು ನೋಡ್ತಾ ಕೂತಿದ್ಲು. ಇನ್ನೊಂದ್ಸಲ ಬಾಯಿಬಿಟ್ಟಿದ್ರೆ ಅಕ್ಕ ತಂಗಿನೂ ಬೇರೆ ಮಾಡ್ತಿದ್ರಿ. ಅದಕ್ಕೇ ಬಾಯಿ ಮುಚ್ಕೊಂಡು ಒರೆಸಿದೆ. ಒಂದೊಂದು ಕಣ್ಣು ಒರೆಸುವಾಗ್ಲೂ ನಿಮಗೆ ಶಾಪ ಹಾಕಿದೀನಿ. ಬೇಕಿದ್ರೆ ಅದನ್ನೇ ನನ್ನ ಒಳ್ಳೆ ಮಾತು ಅಂತ ಇಟ್ಕೊಳ್ಳಿ."

ಸೊಸೆಯ ಕಣ್ಣು ತೇವವಾಗಿತ್ತು. ಆಕೆಗೆ ಇದೆಲ್ಲ ತನ್ನ ಪದ್ಧತಿಯ ಫಲವಾಗಿ ಕಂಡಿತು. ಒಬ್ಬರು ಬರೆಯುವುದು, ಒಬ್ಬರು ತಿದ್ದುವುದು, ಇದಕ್ಕಿಂತ ಹೊಸ ಯೋಚನೆ ಯಾವುದಿದೆ, ಮಾವನವರಿಗೆ ಹೇಳಿ ಇಬ್ಬರನ್ನೂ ಉಳಿಸಿಕೊಳ್ಳುತ್ತೇನೆ ಅಂದಳು. ಇನ್ನು ಮೇಲೆ ಮರೆಯಲ್ಲಿ ಬೇಡ, ಎದುರುಬದುರು ಕೂತು ಮಾಡಿ ಅಂದಳು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಹಿರಿಯ ಹೂಂ ಅಂದಿದ್ದರೆ ಸಾಕಿತ್ತು, ಅವನ ಜಾಗ ಅವನಿಗೇ ಉಳಿಯುತ್ತಿತ್ತು.

ಅವನು ಬಾಯಿಲ್ಲದ ತಲೆಯನ್ನು ಷಡ್ಡಕನ ಕಡೆ ಸರಿಸಿದ.

"ನಾನು ಇಲ್ಲಿ ಉಂಡ ಅನ್ನ ಇವನು ಬಡಿಸಿದ್ದು ಅಂತ ಗೊತ್ತಿಲ್ಲದಾಗ ಉಂಡೆ," ಅಂದ. "ಗೊತ್ತಾದ ಮೇಲೆ ಗಂಟಲಲ್ಲಿ ಇಳಿಯಲ್ಲ ಮೇಡಂ. ಕಣ್ಣೂ ಇವನದೇ, ಬಾಯೂ ಇವನದೇ. ನಾನು ಡಬ್ಬ ಅಂಟಿಸ್ತೀನಿ."

"ಹೋಗಿ," ಅಂದ ಕಿರಿಯ. "ಯಾವತ್ತು ನಮ್ಮ ಮಾತು ಕೇಳಿದೀರಿ. ಅಲ್ಲಿ ಅಂಟು ಮೈಗೆಲ್ಲ ಮೆತ್ಕೊಂಡು ಬನ್ನಿ. ಸಂಜೆ ಅಕ್ಕ ತಂಗಿ ಇಬ್ಬರ ಅಳು ಕೇಳೋ ಕರ್ಮ ನನ್ನದು."

ಸೊಸೆ ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗಿನಲ್ಲಿ ಮುಚ್ಚಿಕೊಂಡಳು. ಕೀಲು ಜೋಡಿಸುವವನು ದಾರಿ ಬಿಟ್ಟ. ಹಿರಿಯ ಕುಂಚಗಳನ್ನು ಮುಟ್ಟದೆ ಹಿಂದಿನ ಬಾಗಿಲಿಂದ ಹೊರಟುಹೋದ.

ಹಿಂದಿನ ಶೆಡ್ಡಿನಲ್ಲಿ ರಟ್ಟಿನ ಹಾಳೆಗಳ ರಾಶಿ, ಅಂಟಿನ ಡಬರಿ, ಕಸಬರಿಗೆಯಷ್ಟು ದಪ್ಪದ ಕುಂಚ. ಡಬ್ಬ ಮಾಡುವ ಮುದುಕಿ ಮಡಿಸುವುದನ್ನು ಒಮ್ಮೆ ತೋರಿಸಿ ತನ್ನ ಪಾಡಿಗೆ ತಾನು ಕೂತಳು. ಅವನು ನೆಲದಲ್ಲಿ ಕೂತು ಮೊದಲ ಮೂಲೆ ಅಂಟಿಸಿದ. ಕೈ ನಡುಗಿ ಅಂಟು ಬೆರಳಿಗೂ ಮೊಣಕಾಲಿಗೂ ಬಿತ್ತು. ಮೂಲೆ ಬಿಟ್ಟುಕೊಂಡಿತು. ಮತ್ತೆ ಒತ್ತಿ ಹಿಡಿದ. ಗೋಡೆಯಾಚೆ ಮುಂಜಾನೆಯ ಯಂತ್ರಗಳು ಒಂದೊಂದಾಗಿ ಎದ್ದವು.

ಸ್ವಲ್ಪ ಹೊತ್ತಿಗೆ ಬಾಗಿಲು ಕತ್ತಲಾಯಿತು. ಕಿರಿಯ ನಿಂತಿದ್ದ. ಕೈಯಲ್ಲಿ ಹಿರಿಯನ ಹಳೇ ಆಸನದ ಮೇಲಿದ್ದ ಹತ್ತಿಯ ಮೆತ್ತೆ. ಅದನ್ನು ಒಳಕ್ಕೆ ಬಿಸುಟ.

"ಇಲ್ಲಿ ನೆಲ ತಣ್ಣಗಿದೆ. ನೀವು ಸೊಂಟ ಹಿಡ್ಕೊಂಡು ಮಲಗಿದ್ರೆ ಅತ್ತಿಗೆ ನಮ್ಮನೆಗೇ ಬರೋದು."

ಬಂದ ದಾರಿಯಲ್ಲೇ ಹೋದ. ಮೆತ್ತೆ ರಟ್ಟಿನ ರಾಶಿಯ ಪಕ್ಕ ಬಿದ್ದಿತ್ತು. ಹಿರಿಯ ಅದರ ಕಡೆ ನೋಡಲಿಲ್ಲ. ಬಿಸಿಲು ಏರಿತು, ಇಳಿಯಿತು, ಸೊಂಟ ನೋಯಲು ಹತ್ತಿತು. ನಡುವೆ ಮುದುಕಿ, ಯಾರೂ ಕೂರದಿದ್ದರೆ ನಾನಾದರೂ ಕೂರುತ್ತೇನೆ ಎಂದು ಅದಕ್ಕೆ ಕೈ ಚಾಚಿದಳು. ಅವನು ಅಂಟು ಮೆತ್ತಿದ ಕಾಲಿನಿಂದ ಅದನ್ನು ತನ್ನತ್ತ ಎಳೆದುಕೊಂಡ. ಸಂಜೆಯವರೆಗೂ ಅದರ ಮೇಲೆ ಕೂರಲಿಲ್ಲ. ಬೇರೆಯವರನ್ನೂ ಕೂರಲು ಬಿಡಲಿಲ್ಲ.