ಸೋಮವಾರ ಕೀಳುವ ಗಿಡಗಳು

ತಿಂಗಳ ಮೊದಲ ಭಾನುವಾರ ನಮ್ಮ ಉದ್ಯಾನದಲ್ಲಿ ಕುಟುಂಬ ದಿನ. ಎಲ್ಲವೂ ಉಚಿತ. ಎಲೆಗೆ ಬಣ್ಣ ಬಳಿದು ಬಟ್ಟೆಯ ಮೇಲೆ ಒತ್ತುವುದು, ಮರದಡಿ ಕೂತು ಕತೆ ಕೇಳುವುದು, ಡೋಲು ಬಡಿಯುವುದು, ಕೊನೆಗೆ ಮನೆಯವರೆಲ್ಲ ಸೇರಿ ಒಂದು ಗಿಡ ನೆಡುವುದು. ಇದನ್ನೆಲ್ಲ ನಡೆಸುವವಳಿಗೆ ನಾವು ಕೆಲಸದವರು ಇಟ್ಟಿರುವ ಹೆಸರು ಚಪ್ಪಾಳೆ ಮೇಡಂ. ಮಗು ಸೀನಿದರೂ ಆಕೆ ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸುತ್ತಾಳೆ. ಗಿಡ ನೆಡಿಸುವ ಕೆಲಸ ನನ್ನದು. ಇಪ್ಪತ್ತಾರು ವರ್ಷದಿಂದ ಇಲ್ಲಿ ಮಣ್ಣು ಕೆದಕುತ್ತಿದ್ದೇನೆ. ಗಿಡಗಳ ಜೊತೆ ನನಗೆ ಚೆನ್ನಾಗಿ ಹೊಂದುತ್ತದೆ, ಜನರ ಜೊತೆ ಅಷ್ಟಕ್ಕಷ್ಟೇ.

ನೆಡುವ ಪಾತಿ ಹನ್ನೆರಡು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ತಿಂಗಳಿಗೆ ನಲವತ್ತು ಕುಟುಂಬ ಬರುತ್ತದೆ. ವರ್ಷಕ್ಕೆ ಅಷ್ಟೊಂದು ಗಿಡ ಎಲ್ಲಿ ಹೋಗಬೇಕು, ನನ್ನ ತಲೆಯ ಮೇಲೆ ಬೆಳೆಯಬೇಕೇ? ಹಾಗಾಗಿ ಮರುದಿನ, ಅಂದರೆ ಉದ್ಯಾನಕ್ಕೆ ರಜೆ ಇರುವ ಸೋಮವಾರ, ನಲವತ್ತನ್ನೂ ಕೀಳುತ್ತೇನೆ. ಬೇರು ನೆನೆಸಿ ಮತ್ತೆ ಚೀಲಕ್ಕೆ ತುಂಬಿ ಶೆಡ್ಡಿನ ನೆರಳಿಗಿಡುತ್ತೇನೆ. ಕಡ್ಡಿಗೆ ಕಟ್ಟಿದ ಪುಟ್ಟ ಸ್ಲೇಟುಗಳ ಮೇಲಿನ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಮುಂದಿನ ತಿಂಗಳು ಅದೇ ಗಿಡ, ಅದೇ ಕಡ್ಡಿ, ಬೇರೆ ಜನ. ಎರಡು ಮೂರು ಸಲ ಕಿತ್ತು ನೆಟ್ಟ ಮೇಲೆ ಅರ್ಧಕ್ಕರ್ಧ ಸಾಯುತ್ತವೆ. ಸತ್ತದ್ದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಯಾರಾದರೂ ವಿಚಾರಿಸಿಕೊಂಡು ಬಂದರೆ "ದೊಡ್ಡ ತೋಟಕ್ಕೆ ಸಾಗಿಸಿದೀವಿ ಅನ್ನು" ಎಂದು ಮೇಡಂ ನನಗೆ ಹೇಳಿಕೊಟ್ಟಿದ್ದಳು. ಯಾರೂ ಬಂದಿರಲಿಲ್ಲ. ಜನಕ್ಕೆ ಬೇಕಾದದ್ದು ಫೋಟೋ.

ಮೂರು ತಿಂಗಳ ಹಿಂದಿನ ಕುಟುಂಬ ದಿನ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಸುಡುವ ಸೆಕೆಯಲ್ಲೂ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿದ್ದಳು. ಹುಬ್ಬಿನಲ್ಲಿ ಕೂದಲಿರಲಿಲ್ಲ, ಕಾಯಿಲೆ ಏನೆಂದು ಹೇಳಬೇಕಾಗಿರಲಿಲ್ಲ. ಹುಡುಗಿಗೆ ಹತ್ತು ವರ್ಷವಿರಬಹುದು. ಗುಂಡಿ ತೋಡಲು ನಾನು ಗುದ್ದಲಿ ಎತ್ತಿದರೆ ಆ ಹೆಂಗಸು ತಡೆದಳು.

"ಬೇಡ ಅಕ್ಕಾ, ನಾನೇ ತೋಡ್ತೀನಿ."

ತೋಡಿದಳು. ಎರಡು ಹಿಡಿ ಮಣ್ಣು ತೆಗೆಯುವುದು, ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುವುದು, ಮತ್ತೆ ಎರಡು ಹಿಡಿ. ಹಿಂದೆ ಸಾಲು ಬೆಳೆಯಿತು. ಮೇಡಂ ದೂರದಿಂದಲೇ ನನಗೆ ಗಡಿಯಾರ ತೋರಿಸಿ ಕಣ್ಣು ಕೆಂಪಗೆ ಮಾಡಿದಳು. ಕೊನೆಗೂ ಗಿಡ ನಿಂತಿತು. ಹೆಂಗಸು ಮಗಳ ಕೈಯನ್ನು ಬುಡದ ಮಣ್ಣಿನ ಮೇಲೆ ಒತ್ತಿ ಹೇಳಿದಳು: "ಮುಂದೆ ನಿಂಗೆ ನನ್ನ ನೋಡ್ಬೇಕು ಅನ್ಸಿದ್ರೆ ಇಲ್ಲಿಗೆ ಬಾ. ನಾನಿಲ್ದಿದ್ರೂ ಇದು ಇರುತ್ತೆ." ಆಮೇಲೆ ನನ್ನ ಕಡೆ ತಿರುಗಿದಳು. "ಇರುತ್ತಲ್ವಾ ಅಕ್ಕಾ?"

"ಇರುತ್ತಮ್ಮ, ಎಲ್ಲಿಗೆ ಹೋಗುತ್ತೆ? ಸ್ವಲ್ಪ ಬೇಗ ಏಳಿ, ಜನ ಕಾಯ್ತಿದಾರೆ" ಎಂದೆ. ಸೋಮವಾರ ಉಳಿದವುಗಳ ಜೊತೆ ಅದನ್ನೂ ಕಿತ್ತೆ.

ನಿನ್ನೆ ಮತ್ತೆ ಕುಟುಂಬ ದಿನವಿತ್ತು. ಇವತ್ತು ಬೆಳಿಗ್ಗೆ ನಾನು ಅರ್ಧ ಪಾತಿ ಕಿತ್ತು, ಗಿಡಗಳನ್ನು ನೀರಿನ ಬಾನಿಗೆ ಹಾಕುತ್ತಿದ್ದೆ. ತಲೆ ಎತ್ತಿದರೆ ಆ ಹುಡುಗಿ ನಿಂತಿದ್ದಾಳೆ. ಪಕ್ಕದಲ್ಲಿ ಖಾಕಿ ಅಂಗಿಯ ಗಂಡಸು. ಅವಳ ಅಪ್ಪ, ಬಸ್ ಡ್ರೈವರ್.

"ತಪ್ಪು ತಿಳ್ಕೋಬೇಡಿ," ಅಂದ ಅವನು. "ನಂಗೆ ಸೋಮವಾರ ಬಿಟ್ರೆ ರಜೆ ಇಲ್ಲ. ಗೇಟಲ್ಲಿ ಕೈಕಾಲು ಹಿಡಿದು ಒಳಗೆ ಬಂದ್ವಿ. ಇವಳಮ್ಮ ಹೋಗಿ ಹದಿನೆಂಟು ದಿನ ಆಯ್ತು. ಮಗು ಅತ್ತಿಲ್ಲ, ಸರಿಯಾಗಿ ಉಂಡಿಲ್ಲ, ಬಾಯಿ ಬಿಟ್ಟು ಒಂದು ಮಾತಾಡಿಲ್ಲ. ಇವತ್ತು ಬೆಳಿಗ್ಗೆ ಎದ್ದವಳೇ ಅಮ್ಮನ ಗಿಡ ನೋಡ್ಬೇಕು ಅಂದ್ಲು."

ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಭಯ. ಕಲಿತ ಪಾಠ ಒಪ್ಪಿಸಿದೆ: "ಅದನ್ನ ದೊಡ್ಡ ತೋಟಕ್ಕೆ ಸಾಗಿಸಿದೀವಿ."

"ಎಲ್ಲಿದೆ ಅದು? ಯಾವ ಬಸ್ ಹೋಗುತ್ತೆ?" ಅವನ ಮುಖ ಅರಳಿತು. "ಈಗ್ಲೇ ಕರ್ಕೊಂಡು ಹೋಗ್ತೀನಿ."

ಬಸ್ ಓಡಿಸುವವನಿಗೆ ಇಲ್ಲದ ಊರಿನ ದಾರಿ ಹೇಳುವುದು ಹೇಗೆ? ನಾನು ಬಾಯಿ ಬಿಡುವ ಮೊದಲೇ ಹುಡುಗಿ ಬಾನಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು.

"ಇವನ್ನ ನಿನ್ನೆ ನೆಟ್ಟಿದ್ದಾ?"

"ಹೂಂ."

"ಅಮ್ಮಂದೂ ಹೀಗೇ ಕಿತ್ರಾ?"

ಇಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಹೂಂ" ಅಂದೆ.

ಅಪ್ಪ ನನ್ನ ಮೇಲೆ ಹರಿಹಾಯ್ದ. ಮನುಷ್ಯರಾ ನೀವು, ಸಾಯೋ ಹೆಂಗಸಿಗೆ ಸುಳ್ಳು ಹೇಳಿದ್ರಲ್ಲ, ಹೊಟ್ಟೆಗೆ ಏನು ತಿಂತೀರಿ ಅಂದ. ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಹುಡುಗಿ ಮಾತ್ರ ಒಂದೊಂದೇ ಗಿಡ ಎತ್ತಿ, ತಿರುಗಿಸಿ ನೋಡಿ, ಪಕ್ಕಕ್ಕಿಡುತ್ತಿದ್ದಳು. ಬಾನಿ ಮುಗಿಯಿತು. ಎದ್ದು ಪಾತಿಯಲ್ಲಿ ಉಳಿದಿದ್ದವನ್ನು ನೋಡಿದಳು. ನನ್ನನ್ನು ಕೇಳದೆಯೇ ಶೆಡ್ಡಿಗೆ ಹೋಗಿ ಚೀಲಗಳನ್ನೂ ನೋಡಿದಳು. ನನಗೆ ತಡೆಯಲಾಗಲಿಲ್ಲ. ಕೈಗೆ ಸಿಕ್ಕ ಒಂದು ಹಸಿರು ಗಿಡ ಮುಂದೆ ಹಿಡಿದೆ.

"ಇದೇ ಪುಟ್ಟಾ. ಇಷ್ಟು ವರ್ಷದ ಕೈ ನಂದು, ನಂಗೆ ಗುರುತು ಸಿಗಲ್ವಾ? ಮನೆಗೆ ತಗೊಂಡು ಹೋಗು."

"ಅದಲ್ಲ," ಅಂದಳು. "ಅಮ್ಮಂದು ಬುಡದಲ್ಲೇ ಎರಡು ಕವಲಾಗಿತ್ತು. ಸುಮ್ಸುಮ್ನೆ ಹೇಳ್ಬೇಡಿ. ಸತ್ತೋಯ್ತಾ?"

"ಸತ್ತಿರ್ಬೇಕು."

"ಸತ್ತದ್ದನ್ನ ಎಲ್ಲಿ ಹಾಕ್ತೀರಿ?"

"ಸಾಕು, ಬಾರಮ್ಮ" ಎಂದು ಅಪ್ಪ ಕೈ ಹಿಡಿದ. ಅವಳು ಬಿಡಿಸಿಕೊಂಡಳು. ಗೊಬ್ಬರದ ಗುಂಡಿಯ ಹತ್ತಿರ ಕರೆದುಕೊಂಡು ಹೋದೆ. ಕೊಳೆತ ಎಲೆ, ಕಡ್ಡಿ, ಹಸಿ ನಾತ, ನೊಣ. ಹುಡುಗಿ ಅಂಚಿನಲ್ಲಿ ನಿಂತು ಬಗ್ಗಿ ನೋಡಿದಳು. ಏನಾದರೂ ಹೇಳಿ ಸಮಾಧಾನ ಮಾಡಬೇಕು ಅನ್ನಿಸಿತು.

"ಇಲ್ಲಿ ಕೊಳೆತದ್ದೇ ಗೊಬ್ಬರ ಆಗುತ್ತೆ. ಇಲ್ಲಿರೋ ಎಲ್ಲ ಗಿಡದ ಬುಡಕ್ಕೂ ಹೋಗುತ್ತೆ. ಹಾಗೆ ನೋಡಿದ್ರೆ ನಿಮ್ಮಮ್ಮನ ಗಿಡ..."

"ಅದೆಲ್ಲ ಸ್ಕೂಲಲ್ಲಿ ಹೇಳಿದಾರೆ." ಅವಳ ದನಿ ಏರಲಿಲ್ಲ. "ಅವತ್ತು ಗುಂಡಿ ತೋಡಿ ಮನೆಗೆ ಹೋದ್ಮೇಲೆ ಅಮ್ಮ ಎರಡು ದಿನ ಏಳ್ಲಿಲ್ಲ. ಕೈ ನಡುಗ್ತಿತ್ತು, ನಾನೇ ನೀರು ಕುಡಿಸ್ದೆ. ಆದ್ರೂ ನಗ್ತಾನೇ ಇದ್ರು. ಕೀಳ್ತೀವಿ ಅಂತ ನೀವು ಹೇಳಿದ್ರೆ ಅಮ್ಮ ತೋಡ್ತಾನೇ ಇರ್ಲಿಲ್ಲ. ಯಾಕೆ ಹೇಳ್ಲಿಲ್ಲ?"

ಪಾತಿಯ ಆಚೆ, ಗೋಡೆಯ ಬದಿಗೆ ಮೂರಡಿ ಜಾಗವಿದೆ. ಅಲ್ಲಿ ಯಾರೂ ಅಗೆಯುವುದಿಲ್ಲ. ಇಲ್ಲಿ ಬೇಡಮ್ಮ, ಅಲ್ಲಿ ನೆಡು ಅನ್ನಲು ಎಷ್ಟು ಹೊತ್ತು ಬೇಕಿತ್ತು ನನಗೆ? ಅಂದಿದ್ದರೆ ಇಷ್ಟು ಹೊತ್ತಿಗೆ ಅದು ಇವಳ ಮೊಣಕಾಲುದ್ದ ಬಂದಿರುತ್ತಿತ್ತು. ಮೇಡಂ ಮೇಲೆ ಹಾಕಿ ಕೈ ತೊಳೆದುಕೊಳ್ಳೋಣ ಅಂದರೆ, ಆ ಮಾತು ಹೇಳಬೇಡ ಎಂದು ಮೇಡಂ ನನ್ನ ಬಾಯಿಗೆ ಬೀಗ ಹಾಕಿರಲಿಲ್ಲ.

"ನಂಗೆ ಅವಸರ ಇತ್ತು" ಅಂದೆ.

ಹುಡುಗಿ ತಲೆಯಾಡಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪ ಅವಳ ಹೆಗಲ ಮೇಲೆ ಕೈಯಿಟ್ಟು, ನನ್ನನ್ನು ನೋಡದೆ ಕೇಳಿದ: "ಮುಂದಿನ ಸೋಮವಾರ ಬರೋಣ್ವಾ ಪುಟ್ಟಾ? ನಾವೇ ಒಂದು ಗಿಡ ತಂದು ನೆಡೋಣ. ಇವ್ರು ಕೀಳದೆ ಇರೋ ಕಡೆ."

"ಬೇಡಪ್ಪಾ," ಅಂದಳು ಅವಳು. "ಇಲ್ಲಿ ಯಾರೂ ಇಲ್ಲ."

ಅಳು ಬಂದದ್ದು ಅವನಿಗೆ. ಖಾಕಿ ತೋಳಿನಿಂದ ಮುಖ ಒರೆಸಿಕೊಂಡು, ಅವಳ ಹಿಂದೆ ಹಿಂದೆಯೇ ಗೇಟಿನ ಕಡೆ ನಡೆದ. ಪಾತಿಯಲ್ಲಿ ಇನ್ನೂ ಹತ್ತೊಂಬತ್ತು ಗಿಡ ಉಳಿದಿದ್ದವು. ಹತ್ತು ಗಂಟೆಗೆ ಮೇಡಂ ನೋಡಲು ಬರುತ್ತಾಳೆ. ಕೂತು ಒಂದೊಂದಾಗಿ ಕಿತ್ತೆ.