ಕರೆಂಟ್ ಹೋದಾಗ ಬರುವ ಶಾಖ

ಲಿಫ್ಟು ಮೂರನೆಯ ಮತ್ತು ನಾಲ್ಕನೆಯ ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿನ ಫ್ಯಾನೂ ನಿಂತಿತು. ಡಾ. ಚಂದ್ರಮೋಹನ ಸರ್ ಮಾತ್ರ ಆ ಮಬ್ಬುಗತ್ತಲಲ್ಲಿ ಚಪ್ಪಾಳೆ ತಟ್ಟಿದರು.

"ಕರೆಂಟ್ ಹೋಯ್ತು! ಎಂಥಾ ಮುಹೂರ್ತ ನೋಡು ಅಹಲ್ಯಾ, ಕಮಿಟಿಯವರು ಕೂತಿರೋವಾಗಲೇ ಹೋಯ್ತು!"

2006ರ ಮೇ ತಿಂಗಳಲ್ಲಿ, ಇಡೀ ದಿಲ್ಲಿ ಕರೆಂಟ್ ಕಂಪನಿಯವರಿಗೆ ಶಾಪ ಹಾಕುತ್ತಿದ್ದಾಗ, ಕರೆಂಟ್ ಹೋದದ್ದಕ್ಕೆ ಹಿಗ್ಗುವ ಪುಣ್ಯಾತ್ಮ ಇವರೊಬ್ಬರೇ ಇದ್ದಿರಬೇಕು. ಹೌಜ್ ಖಾಸ್ ಹತ್ತಿರದ ನಮ್ಮ ಸಂಸ್ಥೆಯ ನಾಲ್ಕನೆಯ ಮಹಡಿಯಲ್ಲಿ ಅವರದೊಂದು ಗಾಜಿನ ಪಾತ್ರೆ. ಅದರಲ್ಲಿ ಭಾರಜಲ, ಭಾರಜಲದಲ್ಲಿ ಪಲ್ಲೇಡಿಯಂ ತಂತಿ. ಅದಕ್ಕೆ ವಿದ್ಯುತ್ ಹರಿಸಿದರೆ, ಸೂರ್ಯನ ಒಡಲಲ್ಲಿ ನಡೆಯುವ ಪರಮಾಣು ಸಮ್ಮಿಲನ ಈ ತಣ್ಣನೆಯ ನೀರಿನಲ್ಲೇ ನಡೆದು, ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬರುತ್ತದೆ ಎಂಬುದು ಅವರ ನಂಬಿಕೆ. ಕೋಲ್ಡ್ ಫ್ಯೂಷನ್ ಎನ್ನುವ ಅದನ್ನು ಲೋಕ ನಕ್ಕು ಕೈಬಿಟ್ಟು ಎಷ್ಟೋ ವರ್ಷವಾಗಿತ್ತು. ಸರ್ ಬಿಟ್ಟಿರಲಿಲ್ಲ. ಅವರು ಬಿಡದೆ ಇದ್ದುದರಿಂದ ತಾಂತ್ರಿಕ ಸಹಾಯಕಿಯಾದ ನಾನೂ ಬಿಡುವಂತಿರಲಿಲ್ಲ. ಹನ್ನೆರಡು ವರ್ಷ ನಾನು ಮೀಟರ್ ನೋಡಿ ಅಂಕಿ ಓದುವುದು, ಅವರು ನೋಟ್‌ಬುಕ್ಕಿನಲ್ಲಿ ಬರೆಯುವುದು. ಆ ನೋಟ್‌ಬುಕ್ಕನ್ನು ನನ್ನ ಕೈಗೆ ಒಂದು ದಿನವೂ ಕೊಟ್ಟವರಲ್ಲ.

ಕಳೆದ ಮೂರು ಬೇಸಿಗೆಗಳಲ್ಲಿ ಹೆಚ್ಚುವರಿ ಶಾಖ ಕಾಣಿಸಿಕೊಂಡಿತ್ತು. ಇವತ್ತು ಪರಿಶೀಲನೆಗೆ ಬಂದ ಕಮಿಟಿ ಒಪ್ಪಿದರೆ ಲ್ಯಾಬು ಉಳಿಯುತ್ತಿತ್ತು, ಎರಡು ತಿಂಗಳಲ್ಲಿ ನಿವೃತ್ತರಾಗುವ ಸರ್ ತಲೆ ಎತ್ತಿಕೊಂಡು ಹೋಗುತ್ತಿದ್ದರು. ವರದಿಗೆ ಬೇಕಾಗಿದ್ದದ್ದು ನನ್ನ ಸಾಕ್ಷಿ ಸಹಿ ಒಂದೇ. ಕನ್ನಡಕ ಮರೆತೆ, ಕೈಗೆ ಎಣ್ಣೆ ಹತ್ತಿದೆ ಎಂದು ಎಂಟು ದಿನ ತಪ್ಪಿಸಿಕೊಂಡಿದ್ದೆ. ಈಗ ಓಡಿಹೋಗಲು ಬಾಗಿಲೇ ಇರಲಿಲ್ಲ.

"ಹೇಗೂ ಸಿಕ್ಕಿಹಾಕಿಕೊಂಡಿದ್ದೀವಿ. ಚಲೋ, ಸಹಿ ಹಾಕಿಬಿಡು," ಎಂದು ಪೆನ್ನು ಚಾಚಿದರು.

ನನ್ನ ಬ್ಯಾಗಿನಲ್ಲಿ ಇನ್ನೊಂದು ಮೀಟರ್ ಇತ್ತು. ಎಂಟು ದಿನದಿಂದ ಅದು ನನಗೆ ಬಿಸಿತುಪ್ಪವಾಗಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಹಾಕಲ್ಲ ಸರ್."

"ಯಾಕಮ್ಮಾ?"

"ಆ ಶಾಖ ಕರೆಂಟ್ ಹೋದಾಗ ಮಾತ್ರ ಬರುತ್ತೆ. ನೀವು ಗಮನಿಸಿದ್ದೀರಾ?"

"ಗಮನಿಸದೆ ಏನು? ಮೂರು ವರ್ಷದ ಹಿಂದೆ ಇನ್ವರ್ಟರ್ ಹಾಕಿಸಿದ್ವಲ್ಲ, ಮೇನ್ಸ್‌ನಿಂದ ಅದಕ್ಕೆ ಬದಲಾಗುವಾಗ ಒಂದು ಜರ್ಕ್ ಬರುತ್ತೆ. ಆ ಜರ್ಕೇ ಸಮ್ಮಿಲನಾನ ಶುರುಮಾಡೋದು. ವರದಿಯ ನಾಲ್ಕನೇ ಅಧ್ಯಾಯದಲ್ಲಿ ಬರೆದಿದ್ದೀನಲ್ಲ!"

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದ ಮಾಡುವುದು ಹೇಗೆ? ನನಗೆ ಸಿಟ್ಟೇ ಬಂತು.

"ಸರ್, ಇನ್ವರ್ಟರ್‌ನಲ್ಲಿ ಓಡುವಾಗ ಪೀತಮ್‌ಪುರದ ನಮ್ಮ ಮನೆ ಫ್ಯಾನು ಗುಂಯ್ ಅನ್ನುತ್ತೆ. ಅಂದ್ರೆ ಆ ಕರೆಂಟೇ ಬೇರೆ ಥರದ್ದು. ಗೋಡೆ ಪ್ಲಗ್ಗಿನ ಹತ್ತಿರ ಇರೋ ನಮ್ಮ ಹಳೇ ಮೀಟರ್‌ಗೆ ಅದನ್ನ ಅಳೆಯೋಕೆ ಬರಲ್ಲ, ಕಡಿಮೆ ತೋರಿಸುತ್ತೆ. ಒಳಗೆ ಹೋಗಿದ್ದನ್ನ ಕಡಿಮೆ ಬರೆದುಕೊಂಡ್ರೆ ಹೊರಗೆ ಬಂದದ್ದು ಹೆಚ್ಚು ಅನ್ನಿಸೋದೇ. ನಾನು ಬೇರೆ ಮೀಟರ್ ತಂದು ಪಾತ್ರೆಯ ತಂತಿಗೇ ಹಾಕಿ ನೋಡಿದೆ. ಐದು ಸಲ ಕರೆಂಟ್ ಹೋಯ್ತು. ಐದು ಸಲವೂ ಹೆಚ್ಚುವರಿ ಏನೂ ಇಲ್ಲ."

ಅಷ್ಟರಲ್ಲಿ ಮೇಲಿನಿಂದ ಯಾರೋ ಕೂಗಿದ್ದು ಲಿಫ್ಟಿನ ಜಾಲರಿಯಿಂದ ಇಳಿದು ಬಂತು. "ಅರೇ, ಬಢ್ ರಹಾ ಹೈ! ಡಾಕ್ಟರ್ ಸಾಬ್ ಕಹಾಂ ಹೈಂ?" ಶಾಖ ಏರುತ್ತಿದೆಯಂತೆ, ಸರ್ ಎಲ್ಲಿ ಎಂದು ಹುಡುಕುತ್ತಿದ್ದರು.

ಸರ್ ಲಿಫ್ಟಿನವನ ಸ್ಟೂಲಿನ ಮೇಲೆ ಕುಳಿತರು. ಇಬ್ಬರ ಬೆವರಿನ ವಾಸನೆ, ಇಬ್ಬರ ಉಸಿರು, ನಾಲ್ಕಡಿ ಜಾಗ. ಇಷ್ಟು ಹತ್ತಿರ ನಿಂತು ಒಬ್ಬ ಮನುಷ್ಯನ ಹನ್ನೆರಡು ವರ್ಷ ಕಿತ್ತುಕೊಂಡೆನಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮೀಟರ್ ಪಾತ್ರೆ ಹತ್ರಾನೇ ಇಡಬೇಕು ಅಂತ ಮೊದಲನೇ ಬೇಸಿಗೇಲೇ ಅನ್ನಿಸಿತ್ತು ಕಣಮ್ಮ," ಎಂದರು. "ಇಡಲಿಲ್ಲ."

"ಯಾಕೆ ಸರ್?"

"ಇಟ್ಟಿದ್ರೆ ಗೊತ್ತಾಗಿಬಿಡ್ತಿತ್ತಲ್ಲ."

ಚಹಾ ಕುಡಿಯಲು ಹೋಗಿದ್ದ ಲಿಫ್ಟಿನವನು ಕೊನೆಗೂ ಬಂದು, ಕೈಯಿಂದ ಚಕ್ರ ತಿರುಗಿಸಿ ನಮ್ಮನ್ನು ಮೂರನೆಯ ಮಹಡಿಗೆ ಇಳಿಸಿದ. ಮೆಟ್ಟಿಲು ಹತ್ತುವಾಗ ಸರ್ ನನ್ನ ಕಡೆ ತಿರುಗಲಿಲ್ಲ. ಒಳಗೆ ಹೋಗುವಷ್ಟರಲ್ಲಿ ಕರೆಂಟ್ ಬಂದುಬಿಡಲಿ, ಇನ್ನೊಂದು ದಿನ ಸಿಗಲಿ ಎಂದು ನಾನೇ ದೇವರನ್ನು ಬೇಡಿಕೊಂಡೆ. ಬರಲಿಲ್ಲ.

ಲ್ಯಾಬಿನಲ್ಲಿ ಕಮಿಟಿಯ ಮೂವರೂ ಕಂಪ್ಯೂಟರಿನ ಮುಂದೆ ನಿಂತಿದ್ದರು. ಪರದೆಯ ಮೇಲೆ ಹೆಚ್ಚುವರಿ ಶಾಖದ ಗೆರೆ ಮೇಲಕ್ಕೆ ಏರಿತ್ತು. ಅಧ್ಯಕ್ಷರು "ಮುಬಾರಕ್ ಹೋ!" ಎಂದು ಅಭಿನಂದಿಸಿ ಕೈ ಚಾಚಿದರು. ಸರ್ ಆ ಕೈ ಹಿಡಿಯಲಿಲ್ಲ.

"ಮೀಟರ್ ಕೊಡು," ಎಂದರು ನನಗೆ.

ತಾವೇ ಬಗ್ಗಿ ಪಾತ್ರೆಯ ತಂತಿಗಳಿಗೆ ಅದನ್ನು ಸಿಕ್ಕಿಸಿದರು. ನಾನು ಅಭ್ಯಾಸದಿಂದ ಅಂಕಿ ಓದಲು ಮುಂದೆ ಬಂದೆ. ಅವರು ಜೇಬಿನ ಪೆನ್ನು, ಮೇಜಿನ ಮೇಲಿದ್ದ ಆ ನೋಟ್‌ಬುಕ್ಕು ಎರಡನ್ನೂ ನನ್ನ ಕೈಗಿಟ್ಟರು.

"ಇವತ್ತು ನೀನು ಬರಿ. ನಾನು ಓದ್ತೀನಿ."

ಓದಿದರು, ಮೂವರಿಗೂ ಕೇಳುವಷ್ಟು ಗಟ್ಟಿಯಾಗಿ. ಒಳಗೆ ಹೋಗುತ್ತಿರುವುದು ಇಷ್ಟು. ಹೊರಗೆ ಬರುತ್ತಿರುವುದು ಅಷ್ಟೇ.

ಅಧ್ಯಕ್ಷರು ಕನ್ನಡಕ ತೆಗೆದರು. "ಹಾಗಾದರೆ ಡಾಕ್ಟರ್ ಸಾಬ್, ಕೋಲ್ಡ್ ಫ್ಯೂಷನ್ ಅನ್ನುವುದೇ ಇಲ್ಲವೇ?"

"ಲೋಕದಲ್ಲಿ ಬೇರೆಲ್ಲಾದರೂ ಇದೆಯೋ ನನಗೆ ಗೊತ್ತಿಲ್ಲ," ಎಂದರು ಸರ್. "ಈ ಪಾತ್ರೆಯಲ್ಲಿ ಇಲ್ಲ."

ಹನ್ನೆರಡು ವರ್ಷದ ಅವರ ದುಂಡು ಅಕ್ಷರಗಳ ಕೆಳಗೆ ಪೆನ್ನು ಹಿಡಿದು ನಿಂತೆ. ಸತ್ಯ ಹೇಳಿದವಳು ನಾನೇ, ಆದರೂ ಆ ಪುಟವನ್ನು ಹರಿದು ನುಂಗಿಬಿಡೋಣ ಎನ್ನಿಸಿತು.

ಅವರು ನನ್ನ ಪಕ್ಕಕ್ಕೆ ಬಂದು, ಯಾವ ಸಾಲಿನಲ್ಲಿ ಎಂದು ಬೆರಳಿಟ್ಟು ತೋರಿಸಿದರು.

"ಬರಿ ಅಹಲ್ಯಾ. ಹೆಚ್ಚುವರಿ, ಸೊನ್ನೆ."