ಲ್ಯಾಪ್‌ಟಾಪಿಗೆ ಹಚ್ಚಿದ ವಿಭೂತಿ

ಸೈಫುದ್ದೀನ್ ಲ್ಯಾಪ್‌ಟಾಪನ್ನು ತನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಬೋರಲು ಹಾಕಿ ಮೊದಲನೆಯ ಸ್ಕ್ರೂ ಬಿಚ್ಚುತ್ತಿದ್ದಂತೆ ಬಸವಂತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು "ಶಿವಶಿವಾ" ಎಂದಳು.

"ಅಂಜಬ್ಯಾಡ್ರಿ ಯವ್ವಾ. ಪರದಿ ಅಷ್ಟ ಒಡದದ, ಒಳಗಿಂದೆಲ್ಲಾ ಹಂಗ ಅದ. ಒಂದ್ ತಾಸಿನ ಕೆಲಸ."

"ಹಂಗಂದ್ರ ಹಿರೇಕೊಟ್ನೆಕಲ್ಲಿನ ಮದವಿ ಕಾರ್ಡು ಹೋಗಿಲ್ಲೇನ್ರಿ?" ಎಂದು ಸೊಸೆ ಸ್ವಪ್ನಾ ಸ್ಟೂಲಿನಿಂದ ಎದ್ದೇ ಬಿಟ್ಟಳು.

"ಎಲ್ಲಿಗೂ ಹೋಗಿಲ್ಲ ಅಕ್ಕಾರ. ಕನ್ನಡಿ ಒಡದ್ರ ಮಾರಿ ಒಡೀತದೇನು?"

ಸ್ವಪ್ನಾ ಉಸಿರು ಬಿಟ್ಟಳು. ದೇವದುರ್ಗದ ಮನೆಯಲ್ಲಿ ಕೂತು ಸುತ್ತಲ ಊರುಗಳ ಲಗ್ನಪತ್ರಿಕೆ, ನಾಮಕರಣದ ಕಾರ್ಡು ಟೈಪು ಮಾಡಿಕೊಡುವವಳು ಅವಳು. ಹತ್ತು ಕಡೆ ತಿದ್ದಿ ತೀಡಿದ ಪತ್ರಿಕೆ ಉಳಿಯಿತು ಎಂದು ಅವಳ ಕಣ್ಣು ಹೊಳೆದವು. ಆದರೆ ಅತ್ತೆಯ ಕಡೆ ತಿರುಗಿ ಅವಳು ಹೇಳಿದ ಮಾತು ಬೇರೆಯೇ ಇತ್ತು.

"ಇದು ರಿಪೇರಿ ಆದ ಕೂಡ್ಲೆ ನಾ ಇಲ್ಲಿಂದ ಸೀದಾ ಮಾನ್ವಿಗೆ ಹೋಗ್ತೀನ್ರಿ ಅತ್ತೀ. ನೀವು ದೇವದುರ್ಗದ ಬಸ್ಸು ಹತ್ರಿ. ಒಡದದ್ದಕ್ಕ ನನಗೇನೂ ಸಿಟ್ಟಿಲ್ಲ. ಸುಳ್ಳು ಹೇಳಿದ್ರಲ್ಲ ನಿಮ್ಮ ಮಗ, ಅದಕ್ಕ."

ಮಾನ್ವಿ ಅವಳ ತವರು. ಬಸವಂತಮ್ಮ ಸೊಸೆಯ ಕಡೆ ನೋಡದೆ ಆ ಸ್ಕ್ರೂಗಳನ್ನೇ ನೋಡತೊಡಗಿದಳು. ಯಾಕೆಂದರೆ ಪರದೆ ಒಡೆದದ್ದು ಮಗ ಶಿವರಾಜನಲ್ಲ. ಒಡೆದವಳು ಈ ಪುಣ್ಯಾತ್ಗಿತ್ತಿಯೇ.

ಮಹಾನವಮಿಯ ದಿನ ಮನೆಯ ಕುಡುಗೋಲು, ಕೊಡಲಿ, ಹೊಲಿಗೆ ಮಷೀನು, ಮಗನ ಮೋಟರ್ ಸೈಕಲ್ಲು ಎಲ್ಲಕ್ಕೂ ಪೂಜೆ ಮಾಡಿದ ಬಸವಂತಮ್ಮನಿಗೆ ಸೊಸೆಯ ಲ್ಯಾಪ್‌ಟಾಪ್ ಕಂಡಿತು. ಮನೆಗೆ ನಾಲ್ಕು ಕಾಸು ತರುವ ಲಕ್ಷ್ಮಿ, ಇದನ್ನು ಬಿಟ್ಟರೆ ಹೇಗೆ? ಮುಚ್ಚಳ ತೆರೆದು, ಅಕ್ಷರದ ಗುಂಡಿಗಳ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಬಿಲ್ವಪತ್ರೆ ಏರಿಸಿ, ಅಷ್ಟಕ್ಕೆ ತೃಪ್ತಿಯಾಗದೆ ವಿಭೂತಿಯ ಗಟ್ಟಿಯನ್ನೇ ಅಲ್ಲಿಟ್ಟು ಮುಚ್ಚಿದಳು. ಅದು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಒತ್ತಿದಳು. ಚಟ್ ಎಂದಿತು. ಚಿಲಕ ಬಿತ್ತು ಅಂದುಕೊಂಡಳು ಮಹಾತಾಯಿ! ಬೆಳಗಿನ ಲಿಂಗಪೂಜೆಗೆ ಗಟ್ಟಿ ತೆಗೆದುಕೊಂಡು, ಗುಂಡಿಗಳನ್ನು ಸೆರಗಿನಿಂದ ಒರೆಸಿ ಸುಮ್ಮನಾದಳು. ಆಮೇಲೆ ಸೊಸೆ ತೆರೆದು ಕಿರುಚಿದಾಗಲೇ ಆ ಚಟ್ ಯಾತರದೆಂದು ತಿಳಿದದ್ದು.

ಪೂಜೆಯ ಹಿಂದಿನ ರಾತ್ರಿ ಅದರಲ್ಲಿ ಕ್ರಿಕೆಟ್ ನೋಡಿ ಮುಚ್ಚಿಟ್ಟಿದ್ದವನು ಶಿವರಾಜ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬಿತ್ತು. ನಾನಲ್ಲ, ಬಸವಣ್ಣನ ಆಣಿ, ನಾನಲ್ಲ ಎಂದು ಎರಡು ದಿನ ಗೋಗರೆದ. ಹೆಂಡತಿ ಮಾತೇ ಬಿಟ್ಟಾಗ ಮೂರನೆಯ ದಿನ ಬೇಸತ್ತು "ಆತು, ನಾನೇ ಒಡದೀನಿ ಅಂತ ತಿಳ್ಕೋ" ಎಂದುಬಿಟ್ಟ. ಅಲ್ಲಿಗೆ ಕೆಲಸ ಪೂರ್ತಿ ಕೆಟ್ಟಿತು. ಹಾಗಾದರೆ ಎರಡು ದಿನ ಬಸವಣ್ಣನ ಮೇಲೆ ಸುಳ್ಳು ಆಣೆ ಮಾಡಿದಿರಾ ಎಂದಳು ಸ್ವಪ್ನಾ. ಬಸವಂತಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಬಾಯಿ ಮಾತ್ರ ತೆರೆಯಲಿಲ್ಲ. ರಾಯಚೂರಿಗೆ ನಾನೂ ಬರ್ತೀನಿ ಎಂದು ಹಟ ಹಿಡಿದು ಹೊರಟದ್ದು ದಾರಿಯಲ್ಲಾದರೂ ಹೇಳೋಣವೆಂದು. ದಾರಿ ಮುಗಿದು ತೀನ್ ಕಂದೀಲ್ ಚೌಕದ ಈ ಅಂಗಡಿಯೂ ಬಂತು, ಮಾತು ಬರಲಿಲ್ಲ.

ಸೈಫುದ್ದೀನ್ ಒಡೆದ ಪರದೆ ಬಿಚ್ಚಿ ಬದಿಗಿಟ್ಟ. ಹೊಸದನ್ನು ಕೂಡಿಸುವ ಮುಂಚೆ ಗುಂಡಿಗಳ ಸಂದಿಗೆ ಗಾಳಿಯ ಮಷೀನು ಹಿಡಿದ. ಬುಸ್ ಎಂದು ಬೆಳ್ಳನೆಯ ಪುಡಿ ಎದ್ದು ಅವನ ಗಡ್ಡಕ್ಕೆಲ್ಲ ಕೂತಿತು.

"ಇದೇನ್ರಿ ಇದು, ಸುಣ್ಣೇನು?" ಎಂದು ಸ್ವಪ್ನಾ ಬಗ್ಗಿ ನೋಡಿದಳು.

ಸೈಫುದ್ದೀನ್ ಬೆರಳಿಗೆ ಪುಡಿ ಹಚ್ಚಿಕೊಂಡು ನೋಡಿದ. ಆಮೇಲೆ ಬಸವಂತಮ್ಮನ ಹಣೆ ನೋಡಿದ. ಹಣೆಯ ತುಂಬ ಮೂರು ಪಟ್ಟಿ, ಅದೇ ಬಿಳುಪು. ಮುದುಕಿಯ ಮುಖ ಬಾಡಿದ್ದು ಅವನಿಗೆ ಕಂಡಿತು.

"ಏನಿಲ್ಲ ಬಿಡ್ರಿ ಅಕ್ಕಾರ, ಧೂಳು" ಎಂದ. "ನಮ್ಮ ಕಡಿ ಧೂಳು ಭಾಳ."

ಬಸವಂತಮ್ಮನಿಗೆ ಜೀವ ಬಂದಂತಾಯಿತು. ಎಂಥ ಒಳ್ಳೆ ಮನುಷ್ಯ! ಅವನು ಬಟ್ಟೆ ತೆಗೆದುಕೊಂಡು ಮೇಜಿನ ಮೇಲಿನ ಪುಡಿಯನ್ನು ಕಸದ ಡಬ್ಬಿಗೆ ಒರೆಸಿ ಹಾಕಲು ಹೋದ. ಅಷ್ಟೇ, ಅವಳ ಕೈ ತಾನಾಗಿ ಮುಂದೆ ಹೋಗಿ ಅವನ ಕೈ ಹಿಡಿಯಿತು.

"ಧೂಳಲ್ಲಪಾ ಅದು. ಈಬತ್ತಿ. ಕಸಕ್ಕ ಹಾಕಬ್ಯಾಡ."

ಬಸವಂತಮ್ಮ ಆ ಪುಡಿಯನ್ನು ಅಂಗೈಗೆ ಬಳಿದುಕೊಂಡು ಹಣೆಗೂ ಕುತ್ತಿಗೆಗೂ ಹಚ್ಚಿಕೊಂಡಳು. ಇನ್ನು ಮುಚ್ಚಿಡುವುದೇನು ಉಳಿಯಿತು?

"ನಾನ ಬೇ ಸ್ವಪ್ನಾ. ಮಾರ್ನವಮಿ ಪೂಜಿ ಮಾಡಿ ಗಟ್ಟಿ ಒಳಗಿಟ್ಟು ಮುಚ್ಚಿದೆ. ಚಟ್ ಅಂತು. ಶಿವರಾಜ ಒಡದಿಲ್ಲವಾ, ಅವ ಆಣಿ ಮಾಡಿದ್ದು ಖರೇನ."

ಸ್ವಪ್ನಾ ಸ್ಟೂಲಿನ ಮೇಲೆ ಕೂತಳು. "ನಾಕು ದಿನಾ ಸುಮ್ಮನಿದ್ರಲ್ರಿ ಅತ್ತೀ! ಆ ಮನಷಾಗ ನಾ ಏನೇನ ಅಂದೆ!"

"ಅಂಜಿಕಿ ಬಂತವಾ. ಅವಗ ನೀ ಬೈದ್ರ ಸಂಜಿಗೆ ಮರೀತಾನ. ನನಗ ಒಂದ್ ಮಾತು ಅಂದಿದ್ರ ನೀನೂ ಮರೀತಿರಲಿಲ್ಲ, ನಾನೂ ಮರೀತಿರಲಿಲ್ಲ." ಅವಳು ಸೊಸೆಯ ಕೈ ಹಿಡಿದಳು. "ಈಗ ಏನಾರ ಅನ್ನು. ಆದ್ರ ಮಾನ್ವಿಗೆ ಮಾತ್ರ ಹೋಗಬ್ಯಾಡ."

ಸೈಫುದ್ದೀನ್ ತಲೆ ಎತ್ತದೆ ಸ್ಕ್ರೂ ತಿರುವುತ್ತಲೇ ಹೇಳಿದ. "ದಸರಾ ಆದ ಮ್ಯಾಲ ವರ್ಷಾ ನಾಕೈದು ಬರ್ತಾವ್ರಿ ಇಂಥವು. ಒಬ್ಬರು ನಿಂಬಿಹಣ್ಣು ಇಟ್ಟು ಮುಚ್ಚತಾರ, ಒಬ್ಬರು ಅಡಕಿ. ನಮ್ಮ ಅಮ್ಮಿ ಹೋದ ರಂಜಾನಿನಾಗ ತಸ್ಬಿ ಇಟ್ಟು ಮುಚ್ಚಿದ್ಲು."

"ಅವ್ರು ಒಪ್ಪಿಕೊಂಡ್ರೇನ್ರಿ?" ಎಂದಳು ಸ್ವಪ್ನಾ.

"ಇನ್ನಾ ಇಲ್ರಿ. ಜಪದ ಮಣಿ ಒಂದು ಒಳಗ ಸಿಕ್ತು. ಕೇಳಿದ್ರ, ನೀನ ಹಾಕಿರಬೇಕು ಅಂತಾಳ."

ಸ್ವಪ್ನಾ ತಡೆಯಲಾರದೆ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಬಸವಂತಮ್ಮ ನಗಬೇಕೋ ಬೇಡವೋ ತಿಳಿಯದೆ ಅವಳ ಮುಖವನ್ನೇ ನೋಡುತ್ತ ನಿಂತಳು.

ಹೊಸ ಪರದೆ ಬೆಳಗಿತು. ಹಿರೇಕೊಟ್ನೆಕಲ್ಲಿನ ಲಗ್ನಪತ್ರಿಕೆ ಗಣಪತಿಯಿಂದ ಹಿಡಿದು ಸುಖಾಗಮನ ಬಯಸುವವರ ತನಕ ಒಂದಕ್ಷರ ಕೆಡದೆ ಎದ್ದು ಬಂತು. ಸ್ವಪ್ನಾ ಅಲ್ಲಿಂದಲೇ ಅದನ್ನು ಪ್ರೆಸ್ಸಿಗೆ ಕಳಿಸಿ, ಬೀದಿಗೆ ಹೋಗಿ ಗಂಡನಿಗೆ ಫೋನು ಮಾಡಿದಳು.

"ರೀ, ಮಾಡದ ತಪ್ಪು ಯಾಕ ಒಪ್ಪಿಕೊಂಡ್ರಿ?"

ಆ ಕಡೆಯಿಂದ ಏನು ಉತ್ತರ ಬಂತೋ ಬಸವಂತಮ್ಮನಿಗೆ ಕೇಳಿಸಲಿಲ್ಲ. ಸೊಸೆಯ ಕೆನ್ನೆ ಕೆಂಪಾದದ್ದು ಮಾತ್ರ ಕಾಣಿಸಿತು.

ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಬಂದದ್ದು ಮಾನ್ವಿಯ ಬಸ್ಸೇ. "ಮಾನ್ವಿ, ಮಾನ್ವಿ, ಸಿಂಧನೂರು" ಎಂದು ಕಂಡಕ್ಟರ್ ಕೂಗಿದ. ಬಸವಂತಮ್ಮ ನೆಲ ನೋಡುತ್ತ ನಿಂತಳು. ಕೇಳುವ ಧೈರ್ಯ ಅವಳಿಗಿರಲಿಲ್ಲ. ಆ ಬಸ್ಸು ತುಂಬಿಕೊಂಡು ಹೋಯಿತು. ತಲೆ ಎತ್ತಿದರೆ ಸೊಸೆ ಪಕ್ಕದಲ್ಲೇ ಇದ್ದಳು.

ದೇವದುರ್ಗದ ಬಸ್ಸು ಬರುತ್ತಿದ್ದಂತೆ ಜನ ಮುಗಿಬಿದ್ದರು. ಸ್ವಪ್ನಾ ಲ್ಯಾಪ್‌ಟಾಪನ್ನು ಅತ್ತೆಯ ಕೈಗೆ ಕೊಟ್ಟು "ಗಟ್ಟಿ ಹಿಡೀರಿ ಅತ್ತೀ, ನಾ ಸೀಟು ಹಿಡೀತೀನಿ" ಎಂದು ಓಡಿದಳು. ಕಿಟಕಿಯಿಂದ ಕರ್ಚೀಫು ಎಸೆದು ಎರಡು ಸೀಟು ಹಿಡಿದದ್ದೂ ಆಯಿತು.

ಬಸವಂತಮ್ಮ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಅದನ್ನು ಸೆರಗಿನಲ್ಲಿ ಸುತ್ತಿ, ಬಾಣಂತಿ ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಿಂದ ಎದೆಗವಚಿಕೊಂಡು, "ಸರೀರ್ಯಪಾ, ಸರೀರಿ, ಗಾಜಿನ ಸಾಮಾನ ಅದ" ಎನ್ನುತ್ತ ಒಂದೊಂದೇ ಮೆಟ್ಟಿಲು ಹತ್ತಿದಳು.